ಸಾಮೂಹಿಕ ಅಡುಗೆಮನೆಗಳಲ್ಲಿ ಗ್ಲುಟೆನ್ ಬೆರಕೆ

ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಪ್ರೋಟೀನುಗಳ ಗುಂಪಿಗೆ ಗ್ಲುಟೆನ್ ಎಂದು ಹೆಸರು. ಈ ಧಾನ್ಯಗಳನ್ನು ಹಾಕದೆ ಮಾಡಿದ ಅಡುಗೆಗೂ ಪಾತ್ರೆ, ಎಣ್ಣೆ, ನೀರು, ಕೈ, ಬಟ್ಟೆ, ಗಾಳಿಗಳ ಮೂಲಕ ಗ್ಲುಟೆನ್ ಸೇರಿಕೊಳ್ಳುವುದೇ ಗ್ಲುಟೆನ್ ಬೆರಕೆ. ಸೀಲಿಯಾಕ್ ಕಾಯಿಲೆ ಇರುವವರಿಗೆ ಇದು ಆರೋಗ್ಯದ ಪ್ರಶ್ನೆ. ಉಳಿದ ಬಹುತೇಕರಿಗೆ ಇದರಿಂದ ಏನೂ ಆಗುವುದಿಲ್ಲ. ಈ ಇಬ್ಬರೂ ಒಂದೇ ಒಲೆಯ ಅಡುಗೆ ಉಣ್ಣುವ ಕಡೆ, ಎಂದರೆ ಶಾಲೆಯ ಬಿಸಿಯೂಟದ ಕೋಣೆ, ಹಾಸ್ಟೆಲ್ ಮೆಸ್, ಪಿಜಿ, ಕಚೇರಿಯ ಕ್ಯಾಂಟೀನು ಮತ್ತು ಪ್ಯಾಂಟ್ರಿಗಳಲ್ಲಿ, ತೊಡಕು ಶುರುವಾಗುತ್ತದೆ. ಮನೆಯಲ್ಲಿ ಬೇಯಿಸುವವರಿಗೆ ಯಾರು ಉಣ್ಣುತ್ತಾರೆ ಎಂದು ಗೊತ್ತಿರುತ್ತದೆ. ನೂರಾರು ಜನರ ಅಡುಗೆಮನೆಯಲ್ಲಿ ಗೊತ್ತಿರುವುದಿಲ್ಲ, ಗೊತ್ತಿದ್ದವರು ಮರುದಿನ ಕೆಲಸಕ್ಕೆ ಬಂದಿರುವುದೂ ಇಲ್ಲ.

ಕಾಯಿಲೆ

ಸೀಲಿಯಾಕ್ ಕಾಯಿಲೆಯಲ್ಲಿ ಗ್ಲುಟೆನ್ ಹೊಟ್ಟೆಗೆ ಹೋದಾಗ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಆಹಾರವನ್ನು ಹೀರಿಕೊಳ್ಳುವ ವಿಲ್ಲೈ ಎಂಬ ಬೆರಳಿನಾಕಾರದ ಎಸಳುಗಳು ಕರುಳಿನ ಒಳಗೋಡೆಯಲ್ಲಿ ಚಪ್ಪಟೆಯಾಗುತ್ತವೆ. ಉಂಡದ್ದು ಮೈಗೆ ಹತ್ತುವುದಿಲ್ಲ. ಮಕ್ಕಳು ಬೆಳೆಯುವುದಿಲ್ಲ, ದೊಡ್ಡವರಲ್ಲಿ ರಕ್ತಹೀನತೆ, ಮೂಳೆ ಸವೆತ, ನಿಲ್ಲದ ಭೇದಿ, ಕೆಲವೊಮ್ಮೆ ಬರೀ ಸುಸ್ತು ಕಾಣಿಸುತ್ತದೆ. ಕೆಲವರಿಗೆ ಹೊರಗೆ ಏನೂ ಕಾಣಿಸುವುದೇ ಇಲ್ಲ. "ಮೊನ್ನೆ ತಿಂದೆ, ಏನೂ ಆಗಲಿಲ್ಲ" ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲದಿರುವುದು ಅದಕ್ಕೇ. ಗೋಧಿಯ ಅಲರ್ಜಿ ಬೇರೆ ಕಾಯಿಲೆ. ಅದರಲ್ಲಿ ನಿಮಿಷಗಳೊಳಗೆ ಉಸಿರುಗಟ್ಟುವ ಅಪಾಯವಿರಬಹುದು, ಅದಕ್ಕೆ ಬೇಕಾದ ತುರ್ತು ಸಿದ್ಧತೆಯೂ ಬೇರೆ. ಸೀಲಿಯಾಕ್ ಕಾಯಿಲೆಯ ಹಾನಿ ನಿಧಾನವಾಗಿ ಕೂಡುತ್ತಾ ಹೋಗುವಂಥದು.

ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ 1888ರಲ್ಲೇ ಈ ಕಾಯಿಲೆಯನ್ನು ವಿವರವಾಗಿ ಬಣ್ಣಿಸಿ, ಗುಣವಾಗುವುದಾದರೆ ಅದು ಆಹಾರದಿಂದಲೇ ಎಂದಿದ್ದರು. ಯಾವ ಆಹಾರ ಎಂಬುದು ತಿಳಿಯಲು ಇನ್ನೂ ಅರವತ್ತು ವರ್ಷ ಬೇಕಾಯಿತು. ಹೇಗ್ ನಗರದ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆಗೆ 1930ರ ದಶಕದಿಂದಲೇ ಗೋಧಿಯ ಮೇಲೆ ಗುಮಾನಿಯಿತ್ತು. 1944-45ರ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಕ್ಷಾಮ ಬಿದ್ದು ಬ್ರೆಡ್ ಸಿಗದಂತಾದಾಗ, ಊರೆಲ್ಲ ಹಸಿವಿನಿಂದ ಕಂಗಾಲಾಗಿದ್ದರೂ ಸೀಲಿಯಾಕ್ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ ಮರಳಿದ ಮೇಲೆ ಮತ್ತೆ ಹಾಸಿಗೆ ಹಿಡಿದರು. ಡಿಕೆ 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧ ಗೋಧಿಯ ಪಾತ್ರವನ್ನು ಖಚಿತಪಡಿಸಿತು. ಅಂದಿನಿಂದ ಇಂದಿನವರೆಗೂ ಈ ಕಾಯಿಲೆಗೆ ಚಿಕಿತ್ಸೆ ಒಂದೇ: ಬದುಕಿರುವಷ್ಟು ಕಾಲ ಗ್ಲುಟೆನ್ ಇಲ್ಲದ ಊಟ.

ಭಾರತದಲ್ಲಿ ಇದರ ಹಂಚಿಕೆ ಒಂದೇ ಸಮನಾಗಿಲ್ಲ. ಉತ್ತರ, ಈಶಾನ್ಯ ಮತ್ತು ದಕ್ಷಿಣ ಭಾರತದ 23 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಉತ್ತರದವರಲ್ಲಿ ಶೇ. 1.23, ಈಶಾನ್ಯದವರಲ್ಲಿ ಶೇ. 0.87, ದಕ್ಷಿಣದವರಲ್ಲಿ ಶೇ. 0.10 ಮಂದಿಗೆ ಸೀಲಿಯಾಕ್ ಕಂಡುಬಂತು. ಕಾಯಿಲೆಗೆ ಎಡೆಮಾಡುವ ವಂಶವಾಹಿಗಳಿಗಿಂತ ದಿನನಿತ್ಯ ತಿನ್ನುವ ಗೋಧಿಯ ಪ್ರಮಾಣದಲ್ಲಿ ಈ ಪ್ರದೇಶಗಳ ನಡುವೆ ಎದ್ದು ಕಾಣುವ ಅಂತರವಿತ್ತು. ಇದರ ಪರಿಣಾಮ ಬೆಂಗಳೂರಿನಂಥ ಊರಿನಲ್ಲಿ ವಿಚಿತ್ರವಾಗಿ ಕಾಣಿಸುತ್ತದೆ. ಕಾಯಿಲೆ ಹೆಚ್ಚಾಗಿರುವ ಪ್ರದೇಶದಿಂದ ಓದಿಗೋ ನೌಕರಿಗೋ ಬಂದವರು, ಆ ಕಾಯಿಲೆಯ ಹೆಸರೇ ಕೇಳದ ಅಡುಗೆಯವರ ಕೈಯಲ್ಲಿ ಉಣ್ಣಬೇಕಾಗಿದೆ. ಇತ್ತ ಮನೆಮನೆಗೂ ಚಪಾತಿ, ಬ್ರೆಡ್ಡು, ನೂಡಲ್ಸ್ ಬಂದಿರುವುದರಿಂದ ದಕ್ಷಿಣದ ಆ ಸಣ್ಣ ಅಂಕಿ ಸಣ್ಣದಾಗಿಯೇ ಉಳಿಯುತ್ತದೆ ಎಂದು ನಂಬಿ ಕೂರುವಂತಿಲ್ಲ.

ಎಷ್ಟಾದರೆ ಹೆಚ್ಚು

ಕಾರ್ಲೊ ಕಟಾಸ್ಸಿ ಮತ್ತು ಸಂಗಡಿಗರು ಇಟಲಿಯಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಪ್ರಯೋಗವೇ ಇಂದಿಗೂ ಈ ವಿಷಯದ ಆಧಾರಸ್ತಂಭ. ಕಟ್ಟುನಿಟ್ಟಿನ ಪಥ್ಯದಲ್ಲಿದ್ದ ಸೀಲಿಯಾಕ್ ವಯಸ್ಕರಿಗೆ 90 ದಿನ ದಿನವೂ ಒಂದು ಮಾತ್ರೆ ಕೊಡಲಾಯಿತು. ಕೆಲವರ ಮಾತ್ರೆಯಲ್ಲಿ 50 ಮಿಲಿಗ್ರಾಂ ಗ್ಲುಟೆನ್, ಕೆಲವರದರಲ್ಲಿ 10, ಉಳಿದವರದರಲ್ಲಿ ಏನೂ ಇಲ್ಲ. 50 ಮಿಲಿಗ್ರಾಂ ತಿಂದವರ ಕರುಳಿನ ಗೋಡೆ ಹದಗೆಟ್ಟಿತು. ದಿನಕ್ಕೆ 10 ಮಿಲಿಗ್ರಾಂ ಒಳಗಿದ್ದರೆ ಹೆಚ್ಚಿನವರು ತಾಳಿಕೊಳ್ಳುತ್ತಾರೆ ಎಂಬುದು ಆಮೇಲೆ ವೈದ್ಯಲೋಕ ಒಪ್ಪಿಕೊಂಡ ಅಂದಾಜು. ಆದರೆ ಎಲ್ಲರ ದೇಹವೂ ಒಂದೇ ರೀತಿ ಅಲ್ಲ; 10 ಮಿಲಿಗ್ರಾಮಿಗೂ ಬಳಲಿದ ಒಬ್ಬರು ಅದೇ ಪ್ರಯೋಗದಲ್ಲಿದ್ದರು.

ಈ ಅಂಕಿಗಳನ್ನು ಅಡುಗೆಮನೆಯ ಅಳತೆಗೆ ತಂದು ನೋಡಬೇಕು. ಗೋಧಿ ಹಿಟ್ಟಿನಲ್ಲಿ ಹತ್ತಿರ ಹತ್ತಿರ ಹತ್ತನೇ ಒಂದು ಪಾಲು ಪ್ರೋಟೀನು, ಅದರಲ್ಲಿ ಮುಕ್ಕಾಲಿಗೂ ಮೇಲೆ ಗ್ಲುಟೆನ್. ಒಂದು ಗ್ರಾಂ ಹಿಟ್ಟಿನಲ್ಲಿ ಸುಮಾರು 80 ಮಿಲಿಗ್ರಾಂ ಗ್ಲುಟೆನ್ ಇರುತ್ತದೆ ಎಂದಾಯಿತು. ಒಂದು ಸಾಧಾರಣ ಚಪಾತಿಯಲ್ಲಿ ಎರಡು ಗ್ರಾಂ, ಅಂದರೆ 2000 ಮಿಲಿಗ್ರಾಂ. ಆ ಚಪಾತಿಯ ಇನ್ನೂರರಲ್ಲಿ ಒಂದು ಪಾಲೇ ದಿನದ ಮಿತಿಯನ್ನು ಮುಟ್ಟಿಬಿಡುತ್ತದೆ. ಲಟ್ಟಿಸುವಾಗ ಮಣೆಯ ಮೇಲೆ ಉದುರಿಸುವ ಒಣಹಿಟ್ಟಿನ ಒಂದು ಚಿಟಿಕೆ ಅದಕ್ಕಿಂತ ಹೆಚ್ಚು. 'ಸ್ವಲ್ಪ' ಎಂಬುದು ಇಲ್ಲಿ ಎಷ್ಟು ಸಣ್ಣದು ಎಂದು ಈ ಲೆಕ್ಕ ನೋಡಿದ ಮೇಲೆ ಅಡುಗೆಯವರಿಗೆ ಬೇರೆ ಹೇಳಬೇಕಾಗುವುದಿಲ್ಲ.

ಅಂತರರಾಷ್ಟ್ರೀಯ ಆಹಾರ ಮಾನದಂಡ ಸಂಸ್ಥೆ ಕೋಡೆಕ್ಸ್ 2008ರಲ್ಲಿ ಕಿಲೋಗ್ರಾಂ ಆಹಾರಕ್ಕೆ 20 ಮಿಲಿಗ್ರಾಂ ಮೀರದ್ದನ್ನು ಗ್ಲುಟೆನ್‌ರಹಿತ ಎಂದು ಕರೆಯಬಹುದು ಎಂದಿತು. ಅಮೆರಿಕ 2013ರಲ್ಲಿ ಇದೇ ಮಿತಿಯನ್ನು ನಿಯಮವಾಗಿಸಿತು. ಯುರೋಪ್ ಒಕ್ಕೂಟದ್ದೂ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ್ದೂ ಇದೇ ಮಿತಿ. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್ ಮಾತ್ರ ಪರೀಕ್ಷೆಗೆ ಸಿಗುವಷ್ಟೂ ಇರಬಾರದು ಎನ್ನುತ್ತವೆ. ಈ 20ರ ಮಿತಿಯಲ್ಲೊಂದು ಸರಳ ಗಣಿತವಿದೆ: ಅಂಥ ಆಹಾರವನ್ನು ದಿನಕ್ಕೆ ಅರ್ಧ ಕಿಲೋ ತಿಂದರೂ ಒಳಗೆ ಹೋಗುವುದು 10 ಮಿಲಿಗ್ರಾಂ.

ಬೆರಕೆಯ ದಾರಿಗಳು

ಅಡುಗೆಯವರಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು ತಿಳಿವಳಿಕೆ ಬೆಂಕಿಯ ಬಗ್ಗೆ. ಬಿಸಿ ಮಾಡಿದರೆ ಕ್ರಿಮಿಗಳು ಸಾಯುತ್ತವೆ, ಹಾಗೆಯೇ ಗ್ಲುಟೆನ್ ಕೂಡ ಸುಟ್ಟುಹೋಗುತ್ತದೆ ಎಂದುಕೊಳ್ಳುತ್ತಾರೆ. ಗ್ಲುಟೆನ್ ಜೀವಿಯಲ್ಲ, ಪ್ರೋಟೀನು. ಕುದಿಸಿದರೂ ಕರಿದರೂ ಅದರ ಕೆಡುಕು ಹೋಗುವುದಿಲ್ಲ. ನಮ್ಮ ಜೀರ್ಣರಸಗಳಿಗೇ ಅದನ್ನು ಪೂರ್ತಿ ಒಡೆಯಲಾಗುವುದಿಲ್ಲ, ಹಾಗೆ ಉಳಿದ ತುಣುಕುಗಳೇ ಈ ಕಾಯಿಲೆಯನ್ನು ಕೆರಳಿಸುತ್ತವೆ. ಸ್ಯಾನಿಟೈಸರ್ ಹಚ್ಚಿದ ಕೈಯದೂ ಇದೇ ಕಥೆ. ಕ್ರಿಮಿ ಸಾಯುತ್ತದೆ, ಹಿಟ್ಟು ಕೈಯಲ್ಲೇ ಇರುತ್ತದೆ.

ದಾರಿಗಳಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಒಣಹಿಟ್ಟು. ಹಿಟ್ಟು ಜರಡಿ ಹಿಡಿದಾಗ, ಚಪಾತಿ ಲಟ್ಟಿಸುವಾಗ, ಮೈದಾ ಚೀಲ ಸುರಿದಾಗ ಏಳುವ ದೂಳು ಗಾಳಿಯಲ್ಲಿ ತೇಲಿ ತೆರೆದ ಪಾತ್ರೆಗಳ ಮೇಲೆ, ಕಟ್ಟೆಯ ಮೇಲೆ ಕೂರುತ್ತದೆ. ಮೂಗಿನಿಂದ ಒಳಗೆ ಹೋದ ದೂಳೂ ಗಂಟಲಿನಿಂದ ಹೊಟ್ಟೆಗೆ ಇಳಿಯಬಲ್ಲದು. ಪಥ್ಯವನ್ನು ಚಾಚೂ ತಪ್ಪದೆ ಮಾಡಿಯೂ ಗುಣವಾಗದ ಐರ್ಲೆಂಡಿನ ಇಬ್ಬರು ರೈತರ ವಿಷಯ 2007ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂತು. ದನಗಳಿಗೆ ಹಾಕುವ ಹಿಂಡಿಮೇವಿನ ದೂಳು ಅವರ ಒಳಗೆ ಹೋಗುತ್ತಿತ್ತು. ಚಪಾತಿ ಮಾಡುವ ಜಾಗದ ಪಕ್ಕದಲ್ಲೇ ಗ್ಲುಟೆನ್ ಇಲ್ಲದ ಊಟ ತಯಾರಿಸುತ್ತೇವೆ ಎನ್ನುವ ಕ್ಯಾಂಟೀನನ್ನು ನಂಬಬಾರದು ಎನ್ನುವುದಕ್ಕೆ ಇಷ್ಟು ಸಾಕು.

ಎರಡನೆಯದು ನೀರು. ವಾಷಿಂಗ್ಟನ್ನಿನ ಮಕ್ಕಳ ಆಸ್ಪತ್ರೆಯೊಂದರ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನದಲ್ಲಿ, ಗೋಧಿ ಪಾಸ್ತಾ ಬೇಯಿಸಿದ ನೀರಿನಲ್ಲೇ ಗ್ಲುಟೆನ್‌ರಹಿತ ಪಾಸ್ತಾ ಬೇಯಿಸಿದಾಗ 20ರ ಮಿತಿ ದಾಟಿತು. ಆ ಪಾಸ್ತಾವನ್ನು ನಲ್ಲಿ ನೀರಿನಲ್ಲಿ ತೊಳೆದಾಗ ಮಿತಿಯೊಳಗೆ ಬಂತು. ಅದೇ ಅಧ್ಯಯನ ಇನ್ನೊಂದು ಕಡೆ ಅಚ್ಚರಿ ಮೂಡಿಸಿತು. ಎಲ್ಲರೂ ಹೆದರುವ ಟೋಸ್ಟರಿನಲ್ಲಿ, ಮಾಮೂಲಿ ಬ್ರೆಡ್ ಸುಟ್ಟ ಮೇಲೆ ಸುಟ್ಟ ಗ್ಲುಟೆನ್‌ರಹಿತ ಬ್ರೆಡ್ಡು 20ನ್ನು ದಾಟಲಿಲ್ಲ. ಟೋಸ್ಟರನ್ನು ಧಾರಾಳವಾಗಿ ಬಳಸಿ ಎಂದು ಇದರಿಂದ ತೀರ್ಮಾನಿಸಬೇಕಿಲ್ಲ, ಪರೀಕ್ಷಿಸಿದ ಮಾದರಿಗಳು ಕಡಿಮೆ. ಆದರೂ ಕಚೇರಿಯ ಪ್ಯಾಂಟ್ರಿಯಲ್ಲಿ ಎರಡನೇ ಟೋಸ್ಟರಿಗಾಗಿ ತಿಂಗಳುಗಟ್ಟಲೆ ಜಗಳವಾಡುವವರು, ಪಕ್ಕದಲ್ಲೇ ನೂಡಲ್ಸ್ ಮತ್ತು ಅನ್ನಕ್ಕೆ ಒಂದೇ ಬಸಿಯುವ ಜಾಲರಿ ಇರುವುದನ್ನು ಮೊದಲು ನೋಡುವುದು ಲೇಸು. ಜಾಲರಿ ಮತ್ತು ಜರಡಿಯ ಕಣ್ಣುಗಳಲ್ಲಿ ಸಿಕ್ಕಿಕೊಂಡ ಹಿಟ್ಟು ಎಷ್ಟು ಉಜ್ಜಿದರೂ ಪೂರ್ತಿ ಹೋಗಿದೆ ಎನ್ನಲಾಗದು. ಬೇರೆಯಾಗಿ ಇಡಲೇಬೇಕಾದ ಸಾಮಾನುಗಳ ಪಟ್ಟಿಯಲ್ಲಿ ಇವು ಮೊದಲು.

ಮೂರನೆಯದು ಎಣ್ಣೆ. ಅಮೆರಿಕದ ಹತ್ತು ಹೋಟೆಲುಗಳಿಂದ, ಗೋಧಿ ತಿಂಡಿಗಳನ್ನೂ ಕರಿಯುವ ಬಾಣಲೆಯಲ್ಲೇ ಕರಿದ ಆಲೂಗಡ್ಡೆ ಫ್ರೈಗಳ 20 ಮಾದರಿಗಳನ್ನು ತಂದು ಪರೀಕ್ಷಿಸಿದ ವರದಿ 2021ರಲ್ಲಿ ಬಂತು. ಒಂಬತ್ತರಲ್ಲಿ ಗ್ಲುಟೆನ್ ಸಿಕ್ಕಿತು. ನಾಲ್ಕರಲ್ಲಿ ಒಂದು ಪಾಲು ಮಾದರಿಗಳನ್ನು ಗ್ಲುಟೆನ್‌ರಹಿತ ಎನ್ನಲು ಬರುವಂತಿರಲಿಲ್ಲ. ಆಲೂಗಡ್ಡೆಗೂ ಎಣ್ಣೆಗೂ ಗೋಧಿಯ ನಂಟಿಲ್ಲ. ಎಣ್ಣೆಯ ತಳದಲ್ಲಿ ಕೂತ ಹಿಟ್ಟಿನ ಚೂರುಗಳಿಗೆ ಇದೆ.

ಇನ್ನು ಕೈತಪ್ಪಿನ ದಾರಿಗಳು: ಬ್ರೆಡ್ಡಿಗೆ ಸವರಿದ ಚಾಕುವನ್ನೇ ಮತ್ತೆ ಅದ್ದುವ ಬೆಣ್ಣೆ ಮತ್ತು ಜಾಮ್ ಡಬ್ಬಿ, ಚಪಾತಿ ಮಗುಚಿದ ಕೈಯಿಂದಲೇ ಮಗುಚುವ ಆಮ್ಲೆಟ್ಟು, ಉಪ್ಪಿಟ್ಟಿನಿಂದ ಅನ್ನಕ್ಕೆ ಹಾರುವ ಸೌಟು, ಎಲ್ಲವನ್ನೂ ಒರೆಸುವ ಒಂದೇ ಮಸಿಬಟ್ಟೆ. ಇವುಗಳಿಗೆ ಅಧ್ಯಯನ ಬೇಕಿಲ್ಲ.

ಇಡ್ಲಿ, ದೋಸೆ ಮತ್ತು ಹಿಂಗು

ದಕ್ಷಿಣದ ಊಟಕ್ಕೆ ಒಂದು ದೊಡ್ಡ ಅನುಕೂಲವಿದೆ. ಅಕ್ಕಿ, ರಾಗಿ, ಜೋಳ, ನವಣೆ, ಬೇಳೆಗಳಲ್ಲಿ ಗ್ಲುಟೆನ್ ಇಲ್ಲ. ಇಡ್ಲಿ, ಮುದ್ದೆ, ಜೋಳದ ರೊಟ್ಟಿ, ಅಕ್ಕಿ ರೊಟ್ಟಿ, ನೀರುದೋಸೆ, ಒತ್ತು ಶ್ಯಾವಿಗೆ, ಅವಲಕ್ಕಿ ಇವೆಲ್ಲ ಹುಟ್ಟಿನಿಂದಲೇ ಪಥ್ಯದ ತಿಂಡಿಗಳು. ಪಶ್ಚಿಮದ ಸೀಲಿಯಾಕ್ ರೋಗಿ ದುಬಾರಿ ಬೆಲೆ ತೆತ್ತು ಕೊಳ್ಳಬೇಕಾದದ್ದು ಇಲ್ಲಿ ಬೀದಿಬದಿಯಲ್ಲೇ ಸಿಗುತ್ತದೆ. ಈ ಅನುಕೂಲವೇ ಮೈಮರೆಸುತ್ತದೆ ಕೂಡ. ದಕ್ಷಿಣದ ಮೆಸ್ಸಿನಲ್ಲಿ ಗೋಧಿ ಚಪಾತಿಯ ರೂಪದಲ್ಲಿ ಕಣ್ಣಿಗೆ ಕಾಣುತ್ತದೆ, ರವೆಯ ರೂಪದಲ್ಲಿ ಅರ್ಧ ಕಾಣುತ್ತದೆ, ಹಿಂಗಿನ ರೂಪದಲ್ಲಿ ಕಾಣುವುದೇ ಇಲ್ಲ.

ರವೆಯಿಂದ ಶುರು ಮಾಡೋಣ. ಬೊಂಬಾಯಿ ರವೆ, ಬನ್ಸಿ ರವೆ, ಚಿರೋಟಿ ರವೆ ಎಲ್ಲವೂ ಗೋಧಿ; ಇಡ್ಲಿ ರವೆ ಅಕ್ಕಿಯದು. ಉಪ್ಪಿಟ್ಟು, ಕೇಸರಿಬಾತು, ರವೆ ಇಡ್ಲಿ, ರವೆ ದೋಸೆ, ಮದ್ದೂರು ವಡೆ ಇವುಗಳಿಗೆ ಪಥ್ಯದವರು ಕೈಹಾಕುವಂತಿಲ್ಲ. ಮಾಮೂಲಿ ಇಡ್ಲಿಯನ್ನು ತಿನ್ನಬಹುದು, ಆದರೆ ಅದು ರವೆ ಇಡ್ಲಿ ಬೆಂದ ತಟ್ಟೆಯಲ್ಲಿ, ಅದೇ ಬಟ್ಟೆಯ ಮೇಲೆ ಬೆಂದಿರಬಾರದು. ದೋಸೆ ಗರಿಗರಿಯಾಗಲೆಂದು ಹಿಟ್ಟಿಗೆ ಚಿರೋಟಿ ರವೆಯನ್ನೋ ಮೈದಾವನ್ನೋ ಬೆರೆಸುವ ಅಡುಗೆಯವರಿದ್ದಾರೆ. "ದೋಸೆ ಹಿಟ್ಟಿಗೆ ಅಕ್ಕಿ, ಉದ್ದು, ಮೆಂತ್ಯ ಬಿಟ್ಟು ಬೇರೇನು ಹಾಕುತ್ತೀರಿ?" ಎಂದು ಕೇಳಬೇಕೇ ಹೊರತು "ಗೋಧಿ ಇದೆಯಾ?" ಎಂದಲ್ಲ. ರವೆಯನ್ನೂ ಮೈದಾವನ್ನೂ ಗೋಧಿ ಎಂದು ಎಣಿಸದವರೇ ಹೆಚ್ಚು. ಇದರ ಮೇಲೆ ಕಾವಲಿಯ ತೊಂದರೆ ಬೇರೆ. ರವೆ ದೋಸೆ ಹುಯ್ದ ಕಾವಲಿಗೆ ಪೊರಕೆಯಿಂದ ನೀರು ಚಿಮುಕಿಸಿ ಗುಡಿಸಿದ ಮಾತ್ರಕ್ಕೆ ಅದು ತೊಳೆದಂತಲ್ಲ. ಆ ಪೊರಕೆಯೂ ಬೆರಕೆಯದೇ.

ಹಿಂಗು ಒಂದು ಬಗೆಯ ಗಿಡದ ಬೇರಿನ ಅಂಟು. ಹೆಚ್ಚಿನದು ಅಫ್ಘಾನಿಸ್ತಾನ, ಇರಾನ್, ಉಜ್ಬೇಕಿಸ್ತಾನಗಳಿಂದ ಬರುತ್ತದೆ. ಭಾರತದಲ್ಲಿ ಬೆಳೆಯುವ ಪ್ರಯತ್ನ 2020ರಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಆರಂಭವಾಯಿತು. ಶುದ್ಧ ಹಿಂಗಿನ ಘಾಟು ತಡೆಯಲಾಗದ್ದು. ಹಾಗಾಗಿ ಅಂಗಡಿಯಲ್ಲಿ ಸಿಗುವುದು ಹಿಟ್ಟು ಮತ್ತು ಗೋಂದು ಬೆರೆಸಿದ ಹಿಂಗು. ಆ ಹಿಟ್ಟು ಬಹಳ ಸಲ ಗೋಧಿಯದು. ಸಾರು, ಸಾಂಬಾರು, ಮಜ್ಜಿಗೆಯ ಒಗ್ಗರಣೆ, ಉಪ್ಪಿನಕಾಯಿ, ಹಪ್ಪಳ, ಪುಳಿಯೋಗರೆ ಗೊಜ್ಜು, ಬಿಸಿಬೇಳೆ ಬಾತಿನ ಪುಡಿ, ಎಲ್ಲದರೊಳಗೂ ಅದು ಸೇರುತ್ತದೆ. ಲೆಕ್ಕ ಹಾಕಿದರೆ ಗಾಬರಿಪಡುವಷ್ಟಿಲ್ಲ: ಎರಡು ಕಿಲೋ ತೂಗುವ ಸಾಂಬಾರಿಗೆ ಅರ್ಧ ಗ್ರಾಂ ಹಿಂಗು, ಅದರಲ್ಲಿ ಅರ್ಧ ಗೋಧಿ ಹಿಟ್ಟು ಎಂದಿಟ್ಟುಕೊಂಡರೆ ಒಟ್ಟು ಗ್ಲುಟೆನ್ 20 ಮಿಲಿಗ್ರಾಂ, ಕಿಲೋಗೆ 10. ಮಿತಿಯೊಳಗೇ ಇದೆ. ಆದರೆ ಯಾವ ಕ್ಯಾಂಟೀನೂ ಹಿಂಗನ್ನು ತೂಗಿ ಹಾಕುವುದಿಲ್ಲ, ಒಂದೇ ಊಟದಲ್ಲಿ ಸಾಂಬಾರು, ಸಾರು, ಮಜ್ಜಿಗೆ, ಉಪ್ಪಿನಕಾಯಿ ನಾಲ್ಕೂ ಎಲೆಗೆ ಬೀಳುತ್ತವೆ. ಅಕ್ಕಿ ಹಿಟ್ಟು ಬೆರೆಸಿದ ಹಿಂಗು ಮಾರುಕಟ್ಟೆಯಲ್ಲಿ ಸಿಗುವಾಗ ಈ ಲೆಕ್ಕದ ಉಸಾಬರಿಯೇ ಬೇಡ. ಇಡೀ ಮೆಸ್ಸಿಗೆ ಅದನ್ನೇ ತಂದರೆ ರುಚಿಯಲ್ಲಿ ಯಾರಿಗೂ ವ್ಯತ್ಯಾಸ ತಿಳಿಯದು. ಇಷ್ಟು ಸುಲಭದ ಪರಿಹಾರ ಈ ವಿಷಯದಲ್ಲಿ ಇನ್ನೊಂದಿಲ್ಲ.

ಹಿಟ್ಟಿನ ಗಿರಣಿಯದು ಇದಕ್ಕಿಂತ ದೊಡ್ಡ ಸಮಸ್ಯೆ, ಅಷ್ಟೇ ಕಡಿಮೆ ಗಮನಕ್ಕೆ ಬಂದದ್ದು. ಒಬ್ಬರ ಗೋಧಿ ಬೀಸಿದ ಮೇಲೆ ಅದೇ ಕಲ್ಲಿನಲ್ಲಿ ಇನ್ನೊಬ್ಬರ ರಾಗಿ ಬೀಳುತ್ತದೆ. ಕಲ್ಲಿನ ಸಂದಿಯಲ್ಲಿ, ಹಿಟ್ಟು ಇಳಿಯುವ ಬಟ್ಟೆಯ ಚೀಲದಲ್ಲಿ ಗೋಧಿ ಉಳಿದೇ ಇರುತ್ತದೆ. ಅಮೆರಿಕದ ಅಂಗಡಿಗಳಿಂದ ತಂದ, ಹುಟ್ಟಿನಿಂದ ಗ್ಲುಟೆನ್ ಇಲ್ಲದ ಧಾನ್ಯ ಮತ್ತು ಹಿಟ್ಟುಗಳ 22 ಮಾದರಿಗಳನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ವರದಿಯಲ್ಲಿ ಏಳು ಮಾದರಿಗಳು 20ರ ಮಿತಿ ದಾಟಿದ್ದವು. ಅವು ಕಾರ್ಖಾನೆಯ ಪೊಟ್ಟಣಗಳು. ಬೀದಿಯ ಗಿರಣಿ ಅದಕ್ಕಿಂತ ಚೊಕ್ಕಟವಾಗಿರಲು ಕಾರಣವಿಲ್ಲ. ಧಾನ್ಯವನ್ನು ಆರಿಸಿ, ತೊಳೆದು, ಒಣಗಿಸಿ, ಗೋಧಿ ಕಾಣದ ಯಂತ್ರದಲ್ಲಿ ಬೀಸಬೇಕು. ಆಗದಿದ್ದರೆ ನೆನೆಸಿ ರುಬ್ಬುವ ತಿಂಡಿಗಳ ಕಡೆ ವಾಲುವುದು ಕ್ಷೇಮ. ಇಡ್ಲಿ ದೋಸೆಗಳ ಅಕ್ಕಿ ಗಿರಣಿಗೆ ಹೋಗುವುದೇ ಇಲ್ಲ ಎಂಬುದು ಅವುಗಳ ಪರವಾಗಿ ಹೇಳಬಹುದಾದ ದೊಡ್ಡ ಮಾತು.

ಶಾಲೆ

ವಾಷಿಂಗ್ಟನ್ನಿನ ಅದೇ ತಂಡ ಶಾಲೆಯ ತರಗತಿಯನ್ನೂ ಪರೀಕ್ಷಿಸಿತು. ಗೋಧಿ ಹಿಟ್ಟಿನಿಂದ ಮಾಡಿದ ಪ್ಲೇ-ಡೋ ಎಂಬ ಆಟದ ಕಣಕ, ಒಣ ಪಾಸ್ತಾ, ಬೆಂದ ಪಾಸ್ತಾ, ಹಿಟ್ಟಿನ ಅಂಟಿನಿಂದ ಮಾಡುವ ಕಾಗದದ ಬೊಂಬೆ, ಹಿಟ್ಟು ಕಲಸುವ ಅಡುಗೆ ಪಾಠ, ಇವುಗಳ ನಂತರ ಮಕ್ಕಳ ಕೈ ಮತ್ತು ಮೇಜಿನ ಮೇಲೆ ಉಳಿದ ಗ್ಲುಟೆನ್ ಎಷ್ಟೆಂದು ಅಳೆದರು. ಪ್ಲೇ-ಡೋ ಮತ್ತು ಒಣ ಪಾಸ್ತಾದಿಂದ ಅಂಟಿದ್ದು ತೀರಾ ಕಡಿಮೆ. ಉಳಿದ ಮೂರು ಕೆಲಸಗಳಲ್ಲಿ ಮಾತ್ರ ಕೈತುಂಬ ಗ್ಲುಟೆನ್. ಸೋಪು ಹಾಕಿ ನೀರಿನಲ್ಲಿ ತೊಳೆದದ್ದು ಬೇರೆಲ್ಲ ವಿಧಾನಗಳಿಗಿಂತ ಚೆನ್ನಾಗಿ ಕೆಲಸ ಮಾಡಿತು. ಬೊಂಬೆ ಮಾಡುವ ತರಗತಿಯಿಂದ ಮಗುವನ್ನು ಹೊರಗೆ ಕೂರಿಸಬೇಕಿಲ್ಲ. ಮೈದಾ ಅಂಟಿನ ಬದಲು ಬೇರೆ ಅಂಟು ತಂದು, ಊಟಕ್ಕೆ ಮುಂಚೆ ಎಲ್ಲ ಮಕ್ಕಳಿಗೂ ಸೋಪಿನಲ್ಲಿ ಕೈ ತೊಳೆಸಿದರೆ ಆಯಿತು.

ಕರ್ನಾಟಕದ ಅಕ್ಷರ ದಾಸೋಹದ ಬಿಸಿಯೂಟದಲ್ಲಿ ಅನ್ನ ಸಾಂಬಾರೇ ಪ್ರಧಾನವಾದ್ದರಿಂದ, ರೊಟ್ಟಿ ಹಂಚುವ ಉತ್ತರದ ರಾಜ್ಯಗಳಿಗೆ ಹೋಲಿಸಿದರೆ ಅರ್ಧ ಕೆಲಸ ತಾನಾಗಿಯೇ ಆಗಿದೆ. ಉಪ್ಪಿಟ್ಟು ಮಾಡುವ ದಿನ ಬೇರೆ ಏರ್ಪಾಡು ಬೇಕು, ಸಾಂಬಾರು ಪುಡಿಯ ಹಿಂಗನ್ನು ವಿಚಾರಿಸಬೇಕು, ಬಡಿಸುವ ಸೌಟುಗಳು ಅದಲುಬದಲಾಗದಂತೆ ಮಗುವಿಗೆ ಮೊದಲು ಬಡಿಸಬೇಕು. ಕೊನೆಯದಕ್ಕೆ ಕಾಸೂ ಖರ್ಚಿಲ್ಲ. ಮನೆಯಿಂದ ಡಬ್ಬಿ ಒಯ್ಯುವ ಮಕ್ಕಳ ವಿಷಯದಲ್ಲಿ ಹುಷಾರಾಗಿರಬೇಕಾದದ್ದು ಹುಟ್ಟುಹಬ್ಬದ ಕೇಕು, ಹಂಚಿಕೊಳ್ಳುವ ಬಿಸ್ಕತ್ತು, ಬಾರ್ಲಿ ಇರುವ ಹಾರ್ಲಿಕ್ಸ್‌ನಂಥ ಪೇಯಗಳು. ಪೂಜೆಯ ದಿನ ರವೆಯ ಸಪಾದ ಭಕ್ಷ್ಯವನ್ನು ಬೇಡವೆನ್ನಲು ದೊಡ್ಡವರೇ ಹಿಂಜರಿಯುತ್ತಾರೆ, ಇನ್ನು ಮಗು ಹೇಗೆ ಹೇಳೀತು? ಟೀಚರಿಗೆ ಮೊದಲೇ ಹೇಳಿ, ಒಂದು ಬಾಳೆಹಣ್ಣನ್ನು ಪ್ರಸಾದವಾಗಿ ತೆಗೆದಿಡಿಸುವುದು ಒಳ್ಳೆಯದು.

ಕಚೇರಿ, ಪಿಜಿ, ಹಾಸ್ಟೆಲ್

ನೂರಾರು ಜನರ ಅಡುಗೆಮನೆಯಲ್ಲಿ ಎಲ್ಲ ಪಾತ್ರೆಗಳನ್ನೂ ಎರಡೆರಡು ಇಡಲು ಆಗುವುದಿಲ್ಲ. ಆಗಬೇಕಾದ್ದೂ ಇಲ್ಲ. ಸ್ಟೀಲಿನ ಪಾತ್ರೆ, ಗಾಜು, ಪಿಂಗಾಣಿಯನ್ನು ಸೋಪಿನಲ್ಲಿ ತೊಳೆದರೆ ಸಾಕು. ಬೇರೆಯಾಗಿ ಬೇಕಾದವು ಕೆಲವೇ: ಜರಡಿ ಮತ್ತು ಜಾಲರಿ, ಲಟ್ಟಣಿಗೆ ಮತ್ತು ಮಣೆ, ಮರದ ಸೌಟು, ಗೀರು ಬಿದ್ದ ನಾನ್‌ಸ್ಟಿಕ್ ಕಾವಲಿ, ಕರಿಯುವ ಎಣ್ಣೆ, ಪಾತ್ರೆ ಉಜ್ಜುವ ಸ್ಕ್ರಬ್ಬರು. ಇವಕ್ಕೆ ಒಂದು ಬಣ್ಣ ಗೊತ್ತುಮಾಡಿ, ಮುಚ್ಚಳವಿರುವ ಡಬ್ಬದಲ್ಲಿ, ಕಪಾಟಿನ ಮೇಲಿನ ಹಲಗೆಯಲ್ಲಿ ಇಡಬೇಕು. ಕೆಳಗಿಟ್ಟರೆ ಮೇಲಿನ ಹಿಟ್ಟು ಉದುರುತ್ತದೆ.

ಪಾತ್ರೆಗಳಿಗಿಂತ ಹೆಚ್ಚು ಫಲ ಕೊಡುವುದು ಸರದಿ. ಬೆಳಗ್ಗೆ ಕಾವಲಿ ತೊಳೆದಿರುತ್ತದೆ, ಎಣ್ಣೆ ಹೊಸದಾಗಿರುತ್ತದೆ, ಹಿಟ್ಟಿನ ಡಬ್ಬ ಇನ್ನೂ ತೆರೆದಿರುವುದಿಲ್ಲ. ಪಥ್ಯದ ಅಡುಗೆ ಆಗಲೇ ಮುಗಿದು ಮುಚ್ಚಿಟ್ಟರೆ ಉಳಿದ ದಿನ ಏನೇ ಆದರೂ ಅದಕ್ಕೆ ತಾಕುವುದಿಲ್ಲ. ಪಿಜಿಯ ಅಡುಗೆಯವರಿಗೆ ಕಾಯಿಲೆಯ ಹೆಸರು ಕಲಿಸುವ ಬದಲು "ಅಣ್ಣಾ, ಚಪಾತಿ ಹಿಟ್ಟು ತೆಗೆಯೋ ಮುಂಚೆ ನನ್ನದು ಎರಡು ದೋಸೆ ಹುಯ್ದು ಮುಚ್ಚಿಡಿ" ಎಂದು ಹೇಳಿದರೆ ಕೆಲಸ ಬೇಗ ಆಗುತ್ತದೆ. ಕಚೇರಿಯ ಬಫೆಯಲ್ಲೂ ಇದೇ ನ್ಯಾಯ. ಸಾಲು ಶುರುವಾಗುವ ಮೊದಲು ಬಡಿಸಿಕೊಳ್ಳುವುದು, ಅಥವಾ ಒಳಗಿನ ದೊಡ್ಡ ಪಾತ್ರೆಯಿಂದ ಬೇರೆ ಸೌಟಿನಲ್ಲಿ ಹಾಕಿಸಿಕೊಳ್ಳುವುದು. ಮೈಕ್ರೋವೇವಿನಲ್ಲಿ ಊಟವನ್ನು ಮುಚ್ಚಿ ಬಿಸಿ ಮಾಡಿದರೆ ಹೆಚ್ಚಿನ ಚಿಂತೆಯಿಲ್ಲ. ಫ್ಯಾನ್ ಇರುವ ಏರ್‌ಫ್ರೈಯರ್ ಮತ್ತು ಓವನ್ನುಗಳಲ್ಲಿ ಚೂರುಗಳು ಹಾರಾಡುತ್ತವೆ, ಅವುಗಳಿಂದ ದೂರವಿರಬೇಕು. ಬೆಣ್ಣೆ, ಜಾಮ್, ಚಟ್ನಿಗಳಿಗೆ ಹೆಸರು ಬರೆದ ಸ್ವಂತ ಡಬ್ಬಿ ಇಟ್ಟುಕೊಳ್ಳುವುದೊಂದೇ ಉಪಾಯ. ಸಂಜೆಯ ಗೋಬಿ ಮಂಚೂರಿಯಲ್ಲಿ ಮೈದಾ, ಸೋಯಾ ಸಾಸಿನಲ್ಲಿ ಗೋಧಿ. ಅದರ ಆಸೆ ಬಿಡಬೇಕು.

ಇಷ್ಟೆಲ್ಲ ಮಾಡಿದ್ದು ಫಲಿಸಿತೇ ಎಂದು ಅಡುಗೆಮನೆಯಲ್ಲಿ ನಿಂತು ಕಣ್ಣಲ್ಲಿ ಅಳೆಯಲಾಗದು. ಆಹಾರದ ಗ್ಲುಟೆನ್ ಅಳೆಯುವುದು ಪ್ರಯೋಗಾಲಯದ ಕೆಲಸ. ದೇಹದ ಸ್ಥಿತಿಯನ್ನು ಕಾಲಕಾಲಕ್ಕೆ ಮಾಡಿಸುವ ಟಿಟಿಜಿ ಎಂಬ ರಕ್ತಪರೀಕ್ಷೆ ತಿಳಿಸುತ್ತದೆ, ಆದರೆ ಸಣ್ಣಪುಟ್ಟ ಬೆರಕೆಯನ್ನು ಅದು ಹಿಡಿಯದೆಯೂ ಇರಬಹುದು.

ಕಾನೂನು

ಇಟಲಿ 2005ರ ಕಾನೂನಿನಲ್ಲಿ ಶಾಲೆ, ಆಸ್ಪತ್ರೆ ಮತ್ತು ಸರ್ಕಾರಿ ಸಂಸ್ಥೆಗಳ ಭೋಜನಶಾಲೆಗಳು ಕೇಳಿದವರಿಗೆ ಗ್ಲುಟೆನ್ ಇಲ್ಲದ ಊಟ ಕೊಡಬೇಕೆಂದು ವಿಧಿಸಿತು. ಪಾಸ್ತಾ ಪಿಜ್ಜಾಗಳ ದೇಶವೇ ಇದರಲ್ಲಿ ಮುಂದಿರುವುದು ವಿಪರ್ಯಾಸವಲ್ಲ, ಗೋಧಿ ಹೆಚ್ಚಿರುವಲ್ಲೇ ಕಾನೂನಿನ ಅಗತ್ಯ ಬೇಗ ಕಾಣುತ್ತದೆ. ಅಮೆರಿಕದಲ್ಲಿ ವಿದ್ಯಾರ್ಥಿಗಳು ಕಡ್ಡಾಯವಾಗಿ ಮೆಸ್ ಹಣ ಕಟ್ಟಬೇಕಿದ್ದ ಲೆಸ್ಲಿ ವಿಶ್ವವಿದ್ಯಾಲಯ, 2012ರ ಡಿಸೆಂಬರಿನಲ್ಲಿ ನ್ಯಾಯ ಇಲಾಖೆಯೊಂದಿಗೆ ಒಪ್ಪಂದಕ್ಕೆ ಬಂದು, ಸೀಲಿಯಾಕ್ ಮತ್ತು ಆಹಾರ ಅಲರ್ಜಿ ಇರುವವರಿಗೆ ಅಡುಗೆಗೂ ಸಾಮಾನು ಇಡಲೂ ಪ್ರತ್ಯೇಕ ಜಾಗ, ಮುಂಗಡ ಆರ್ಡರಿನ ವ್ಯವಸ್ಥೆ, ಸಿಬ್ಬಂದಿಗೆ ತರಬೇತಿ ಮತ್ತು 50,000 ಡಾಲರ್ ಪರಿಹಾರ ಕೊಡಲು ಒಪ್ಪಿತು. ಅಲ್ಲಿಂದ ಮುಂದೆ ಹಲವು ಕ್ಯಾಂಪಸ್ಸುಗಳು ದಾರಿ ಬದಲಿಸಿದವು. ಒಹಾಯೊದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯ 2016ರಲ್ಲಿ ಇಡೀ ಒಂದು ಭೋಜನಶಾಲೆಯನ್ನೇ ಗ್ಲುಟೆನ್‌ರಹಿತ ಮಾಡಿತು. ಗೋಧಿಯೇ ಒಳಗೆ ಬರದ ಮೇಲೆ ಬೆರಕೆಯ ಪ್ರಶ್ನೆಯೇ ಇಲ್ಲ. ಎಲ್ಲ ವ್ಯವಸ್ಥೆಗಳಲ್ಲೂ ಇದೇ ಮೇಲು, ಸ್ಥಳಾವಕಾಶ ಇರುವವರಿಗೆ.

ಭಾರತದ ಲೇಬಲ್ ನಿಯಮಗಳು ಪೊಟ್ಟಣದ ಮೇಲೆ ಗ್ಲುಟೆನ್ ಇರುವ ಧಾನ್ಯಗಳನ್ನು ನಮೂದಿಸಲು ಹೇಳುತ್ತವೆ. ಆದರೆ ಹಂಡೆಯಲ್ಲಿ ಬೇಯಿಸಿ ಸೌಟಿನಲ್ಲಿ ಬಡಿಸುವ ಊಟಕ್ಕೆ ಲೇಬಲ್ ಎಲ್ಲಿಯದು? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಸ್ಥಿತಿಗಳಲ್ಲಿ ಸೀಲಿಯಾಕ್ ಇಲ್ಲ. ಹೀಗಾಗಿ ಇಲ್ಲಿ ಉಳಿಯುವ ಆಸರೆ ಗುತ್ತಿಗೆಯ ಕಾಗದ. ಶಾಲೆ, ಹಾಸ್ಟೆಲ್, ಕಂಪನಿಗಳು ಅಡುಗೆ ಗುತ್ತಿಗೆದಾರರೊಡನೆ ಮಾಡಿಕೊಳ್ಳುವ ಕರಾರಿನಲ್ಲಿ ಗೋಧಿ ಬೆರೆಸದ ಹಿಂಗು, ಪಥ್ಯದ ಊಟ ಮೊದಲು ತಯಾರಾಗಬೇಕು ಎಂಬ ಸರದಿ, ಪ್ರತಿ ಪಾಳಿಯಲ್ಲೂ ಇದರ ಹೊಣೆ ಹೊರುವ ಒಬ್ಬರ ಹೆಸರು, ಈ ಮೂರನ್ನು ಬರೆಸಬಹುದು. ಅಡುಗೆಯವರು ಬದಲಾದರೂ ಕಾಗದ ಬದಲಾಗುವುದಿಲ್ಲ. ನಿಮ್ಮ ಮಗುವಿಗೋ ಸಹೋದ್ಯೋಗಿಗೋ ಈ ಕಾಯಿಲೆ ಇದ್ದರೆ, ಗುತ್ತಿಗೆ ನವೀಕರಣಕ್ಕೆ ಬರುವ ತಿಂಗಳು ಯಾವುದೆಂದು ಕೇಳಿಕೊಂಡು, ಅದಕ್ಕೆ ಮೊದಲೇ ಒಂದು ಅರ್ಜಿ ಕೊಡಿ.